ಒಂಬತ್ತು ದಿನದ ಕಟ್ಟು

ನವೆಂಬರ್ 3, 2024, ಭಾನುವಾರ
ಹನಗೋಡು

ಸುನಂದ ಇಲ್ಲದ ಮೊದಲ ದೀಪಾವಳಿ ಮುಗಿಯಿತು. ಆಷಾಢದಲ್ಲಿ ಜ್ವರ ಎಂದು ಮಲಗಿದವಳು ಹನ್ನೆರಡನೇ ದಿನಕ್ಕೆ ಹೋದಳು. ಹಬ್ಬಕ್ಕೆ ಒಬ್ಬಟ್ಟು ಮಾಡಿದ್ದರು. ಒಂದು ತಿಂದೆ, ಎರಡನೆಯದು ಬೇಡವಾಯಿತು. ಸಕ್ಕರೆ ಕಾಯಿಲೆಯವನಿಗೆ ಒಂದೂ ಹೆಚ್ಚೇ. ಅವಳಿದ್ದಿದ್ದರೆ ತಟ್ಟೆಯನ್ನೇ ಕಿತ್ತುಕೊಳ್ಳುತ್ತಿದ್ದಳು.

ಅಪ್ಪನ ಹತ್ತಿರ ಒಂದು ಪುಸ್ತಕವಿತ್ತು. ಯಾರ ಯಾವ ಮೂಳೆ, ಎಂದು ಕಟ್ಟಿದ್ದು, ಎಂದು ಬಿಚ್ಚಿದ್ದು, ಅಷ್ಟೇ ಅದರಲ್ಲಿ. ನನ್ನ ಪುಸ್ತಕವೂ ನಲವತ್ತು ವರ್ಷ ಹಾಗೇ ಇತ್ತು. ಸುನಂದ ಹೋದ ಮೇಲೆ ಬೇರೆ ಮಾತುಗಳೂ ಇದರೊಳಗೆ ಬಂದು ಸೇರಿಕೊಳ್ಳುತ್ತಿವೆ. ಮಗ ಚೆಲುವರಾಜು ಹೊಗೆಸೊಪ್ಪಿನ ಮುಂದೆ ಕೂತರೆ ತಲೆ ಎತ್ತುವುದಿಲ್ಲ. ಸೊಸೆ ಸ್ಪಂದನಾ ನನ್ನ ಎದುರು ನಿಂತು ಮಾತಾಡುವವಳಲ್ಲ. ಇನ್ನು ಉಳಿದದ್ದು ಕಾಗದವೇ.

ಇವತ್ತು ಹಾರನಹಳ್ಳಿಯ ಕರಿಯಪ್ಪನ ಕಾಲು. ಎತ್ತು ತುಳಿದು ಪಾದದ ಮೇಲಿನ ಮೂಳೆ ಸೀಳಿದೆ. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಅದರೊಳಗೆ ನಮ್ಮ ಕರಿ ಮದ್ದು. ಸುತ್ತ ಬಿದಿರಿನ ದಬ್ಬೆ, ಅದರ ಮೇಲೆ ಹತ್ತಿ ಬಟ್ಟೆಯ ಪಟ್ಟಿ. ಒಣಗಿತೆಂದರೆ ಕಲ್ಲು. ಒಂಬತ್ತು ದಿನ ಬಿಚ್ಚುವಂತಿಲ್ಲ, ಕಟ್ಟಿದ ಕೈಯೇ ಬಿಚ್ಚಬೇಕು. ನಾಲ್ಕು ತಲೆಮಾರಿನಿಂದ ನಡೆದು ಬಂದ ಮಾತು. ಕಟ್ಟಿದ ಮೇಲೆ ರೋಗಿಯ ಬೆರಳ ತುದಿ ಮುಟ್ಟಿ ನೋಡುವುದು. ಬೆಚ್ಚಗಿದ್ದರೆ ರಕ್ತ ಓಡುತ್ತಿದೆ ಎಂದರ್ಥ. ತಣ್ಣಗಿದ್ದರೆ ಆ ಕ್ಷಣವೇ ಸಡಿಲಿಸಬೇಕು. ಅಪ್ಪ ಕಲಿಸಿದ್ದರಲ್ಲಿ ಮುಖ್ಯವಾದದ್ದು ಇದೇ, ಉಳಿದದ್ದನ್ನು ಯಾರು ಬೇಕಾದರೂ ಕಲಿಯಬಹುದು. ಕರಿಯಪ್ಪನ ಬೆರಳು ಬೆಚ್ಚಗಿದ್ದವು.

ಮದ್ದು ಅರೆಯುವುದು, ಪಟ್ಟಿ ಹರಿದು ಕೊಡುವುದು ಸುನಂದಳ ಕೆಲಸವಾಗಿತ್ತು. ಅವಳಿಗೆ ಈಚೆಗೆ ಒಂದು ಚಾಳಿ ಹತ್ತಿತ್ತು. ನಾನು ಕಟ್ಟಿ ಕೈ ತೊಳೆಯಲು ಹೋದರೆ ಸಾಕು, ಹಿಂದಿನಿಂದ ಕಟ್ಟಿನೊಳಗೆ ಬೆರಳು ತೂರಿಸಿ ನೋಡುವುದು, ಒಂದೆರಡು ಸುತ್ತು ಸಡಿಲಿಸುವುದು. ಕೇಳಿದರೆ "ಒಂದ್ ಬೆರಳು ಹೋಗ್ಬೇಕು ಕಣ್ರೀ" ಎನ್ನುತ್ತಿದ್ದಳು. ಅದಕ್ಕೆ ಎಷ್ಟು ಜಗಳವಾಡಿದ್ದೇನೆ. ಈಗ ಜಗಳಕ್ಕೂ ಜನವಿಲ್ಲ.

ಮಧ್ಯಾಹ್ನ ಸ್ಪಂದನಾ ಮುದ್ದೆ ಇಟ್ಟು, "ಮಾವ, ಬಿಸಿ ಐತೆ, ಈಗ ತಾನೆ ಇಳ್ಸಿದ್ದು" ಎಂದಳು. ನಾನು ಆಗಲೇ ಮುರಿದು ಸಾರಿಗೆ ಅದ್ದಿಯಾಗಿತ್ತು. ಚೆಲುವರಾಜು ಕಣ್ಣು ಬಿಟ್ಟುಕೊಂಡು ನೋಡಿದ. ಐವತ್ತು ವರ್ಷ ಬಿದಿರು ಬಗ್ಗಿಸಿದ ಕೈ ಇದು, ಮುದ್ದೆಗೆ ಹೆದರೀತೇ?

ನವೆಂಬರ್ 9, ಶನಿವಾರ

ಕೋಟೆ ಕಡೆ ಒಬ್ಬರ ಭುಜ ಜಾರಿತ್ತು, ಹೋಗಿ ಕೂರಿಸಿ ಬಂದೆ. ಹೋಗುವಾಗ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಳಿದು ಟೀ ಅಂಗಡಿಗೆ ನಡೆದರೆ ಅಂಗಡಿಯವನು, "ಯಜಮಾನ್ರೇ, ಒಂದ್ ಕಾಲ್ದು ಚಪ್ಪಲಿ ಎಲ್ ಬುಟ್ಟು ಬಂದ್ರಿ?" ಎಂದು ನಕ್ಕ. ನೋಡಿದರೆ ಎಡಗಾಲು ಬರಿಗಾಲು. ಜಲ್ಲಿ ಚುಚ್ಚಿ ರಕ್ತ ಬಂದಿದೆ. ಚಪ್ಪಲಿ ಬಸ್ಸಿನ ಮೆಟ್ಟಿಲ ಹತ್ತಿರವೇ ಬಿದ್ದಿತ್ತು. ಸುನಂದಳ ಯೋಚನೆಯಲ್ಲಿ ನಡೆದರೆ ಹೀಗೇ, ದೇಹ ಒಂದು ಕಡೆ, ಮನಸ್ಸು ಒಂದು ಕಡೆ. ನಾನೂ ಅವನ ಜೊತೆ ನಕ್ಕೆ.

ಬರುವಾಗ ಹುಣಸೂರಿನಲ್ಲಿ ಇಳಿದು ಫಕ್ರುದ್ದೀನನ ಗ್ರಂಧಿಗೆ ಅಂಗಡಿಗೆ ಹೋದೆ. ನಮ್ಮ ಕರಿ ಮದ್ದು ಅವನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ. ಅವನು ಅದನ್ನು ಮೋಮಿಯಾಯಿ ಎನ್ನುತ್ತಾನೆ. ಡಾಂಬರಿನ ಹಾಗೆ ಕಪ್ಪು, ಬಿಸಿಗೆ ಹಿಡಿದರೆ ಕರಗುತ್ತದೆ. ಅವನಪ್ಪ ನಮ್ಮಪ್ಪನಿಗೆ ಕೊಡುತ್ತಿದ್ದ, ಇವನು ನನಗೆ ಕೊಡುತ್ತಾನೆ. ಹತ್ತನೇ ವಯಸ್ಸಿನಲ್ಲಿ ನೇರಳೆ ಮರದಿಂದ ಬಿದ್ದು ಇವನ ತೊಡೆ ಮುರಿದಿತ್ತು. ಆಸ್ಪತ್ರೆಯವರು ಕತ್ತರಿಸಬೇಕು ಎಂದಿದ್ದ ಕಾಲನ್ನು ನಮ್ಮಪ್ಪ ಕೂಡಿಸಿದ. ಅಂದಿನಿಂದ ಅವನಿಗೆ ನಮ್ಮ ಮನೆಯ ಮಾತೆಂದರೆ ಮಾತು.

ಮದ್ದು ಕಟ್ಟಿ ಕೊಡುವಾಗ ನನ್ನ ಕೈ ಹಿಡಿದು ತಿರುಗಿಸಿ ನೋಡಿದ. "ಏನ್ ಮಂಚಯ್ಯಾ ಇದು, ಬೆರಳಿಗೆಲ್ಲ ಬೊಬ್ಬೆ?"

"ಮುದ್ದೆ ಬಿಸಿ ಇತ್ತು."

"ಬಿಸಿ ಇದ್ರೆ ಬಿಡೋದಲ್ವಾ? ಶುಗರ್ ಚೆಕ್ ಮಾಡ್ಸಿ ಎಷ್ಟ್ ದಿನ ಆಯ್ತು?"

ಇವನೂ ಒಬ್ಬ ಸುನಂದ.

ಅವನ ಮೊಮ್ಮಗಳು ಅಲ್ಮಾಸ್ ಶಾಲೆ ಬಿಟ್ಟು ಅಂಗಡಿಗೆ ಬಂದಿದ್ದಳು. ಎಂಟನೇ ಕ್ಲಾಸು, ಬಾಯಿ ಮಾತ್ರ ಡಿಗ್ರಿ. ಡಿಸೆಂಬರಿನಲ್ಲಿ ಶಾಲೆಯಲ್ಲಿ ವಸ್ತುಪ್ರದರ್ಶನವಂತೆ, ಇವಳು ಈಜಿಪ್ಟಿನ ಮಮ್ಮಿಗಳ ಬಗ್ಗೆ ಮಾಡುತ್ತಾಳಂತೆ. ಸತ್ತವರನ್ನು ಬಟ್ಟೆಯಲ್ಲಿ ಸುತ್ತಿ ಸಾವಿರಾರು ವರ್ಷ ಇಡುತ್ತಿದ್ದರು ಎಂದು ನನಗೇ ಪಾಠ ಮಾಡಿದಳು. "ನಮ್ ಕ್ಲಾಸಲ್ಲಿ ಅರ್ಧ ಜನ ಅವ್ರಮ್ಮಂಗೆ ಮಮ್ಮಿ ಅಂತಾರೆ ತಾತ. ಪಾಪ, ಅವ್ರಮ್ಮಂದ್ರಿಗೆ ಅರ್ಥ ಗೊತ್ತಿಲ್ಲ." ಫಕ್ರುದ್ದೀನ್ ಗದರಿದ. ನನಗೆ ಬಹಳ ದಿನದ ಮೇಲೆ ಹೊಟ್ಟೆ ತುಂಬ ನಗು ಬಂತು.

ನವೆಂಬರ್ 12, ಮಂಗಳವಾರ

ನಿನ್ನೆ ಕರಿಯಪ್ಪನ ಕಟ್ಟು ಬಿಚ್ಚುವ ದಿನವಾಗಿತ್ತು, ಅವನು ಬರಲಿಲ್ಲ. ಹೇಗಿದ್ದಾನೆ ಎಂದು ಚೆಲುವರಾಜುವಿನ ಕೈಲಿ ಫೋನ್ ಮಾಡಿಸಿದರೆ, ಆಸಾಮಿ ಪಿರಿಯಾಪಟ್ಟಣದ ಆಸ್ಪತ್ರೆಗೆ ಹೋಗಿ ಸಿಮೆಂಟು ಹಾಕಿಸಿಕೊಂಡು ಬಂದಿದ್ದಾನೆ. ನಾಲ್ಕನೇ ದಿನವೇ ಅವನ ಹೆಂಡತಿ ಕುಡುಗೋಲಿನಲ್ಲಿ ಕಟ್ಟು ಕೊಯ್ದಳಂತೆ. "ಬೆರಳೆಲ್ಲ ತಣ್ಣಗಾಗಿದ್ವು ಕಣಯ್ಯಾ, ಹೆಂಗಸ್ರು ಹೆದ್ರುಕಂಡ್ರು" ಎಂದ.

ತಣ್ಣಗೆ ಹೇಗಾಗುತ್ತದೆ? ನಾನು ಮುಟ್ಟಿ ನೋಡಿದ್ದೇನೆ. ನಮ್ಮ ಮನೆಯ ಕಟ್ಟಿಗೆ ಕುಡುಗೋಲು ಹಾಕಿದವರು ಇದುವರೆಗೆ ಇರಲಿಲ್ಲ. ಅವನ ಹೆಸರಿನ ಮುಂದೆ ಗೀಟು ಎಳೆದಿದ್ದೇನೆ. ಪೆನ್ನು ಕಾಗದ ಹರಿದುಕೊಂಡು ಕೆಳಗಿನ ಹಾಳೆಗೂ ಹೋಗಿದೆ. ಈಚೆಗೆ ಬರುವ ಕಾಗದವೂ ಸರಿಯಿಲ್ಲ.

ನವೆಂಬರ್ 16, ಶನಿವಾರ

ಅಲ್ಮಾಸ್ ಬಿದ್ದಳು. ಶಾಲೆಯಲ್ಲಿ ಥ್ರೋಬಾಲ್ ಆಡುವಾಗ ಜಾರಿ, ಬಲಗೈ ಊರಿಕೊಂಡು. ಸಂಜೆ ನಾಲ್ಕಕ್ಕೆ ಆಟೋದಲ್ಲಿ ಕರೆತಂದರು. ಫಕ್ರುದ್ದೀನ್, ಅವನ ಮಗ ತೌಸಿಫ್, ಮಧ್ಯದಲ್ಲಿ ಮಗು. ಮುಂಗೈ ಬಿಲ್ಲಿನ ಹಾಗೆ ಬಾಗಿತ್ತು.

ತೌಸಿಫ್ ಬಡಗಿ ಕೆಲಸದವನು, ಕಡಿಮೆ ಮಾತು. ಬಾಗಿಲಲ್ಲೇ ನಿಂತು, "ಮೊದ್ಲು ಒಂದ್ ಎಕ್ಸ್‌ರೇ ತೆಗೆಸಣ ಅಂದೆ, ಅಬ್ಬಾ ಕೇಳಲ್ಲ" ಎಂದ. ನಾನು, "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಪ್ಪಾ?" ಎಂದೆ. ಫಕ್ರುದ್ದೀನ್ ಮಗನನ್ನು ನೋಡಿ, "ಇವ್ರಪ್ಪ ಕಟ್ಟಿದ್ ಕಾಲಲ್ಲೇ ನಾನ್ ಇವತ್ತೂ ನಿಂತಿರೋದು. ಸುಮ್ನಿರು" ಎಂದ.

ಮೂಳೆ ಎಳೆದು ಕೂರಿಸಿದೆ. ಮಗು ಒಂದೇ ಸಲ ಕೂಗಿ ತುಟಿ ಕಚ್ಚಿತು. ಕೂತಿತೋ ಇಲ್ಲವೋ ಎಂದು ಬೆರಳಿಗೆ ತಿಳಿಯುವ ಒಂದು ಟಕ್ ಇರುತ್ತದೆ. ಇವತ್ತು ಅದನ್ನು ಗಮನಿಸಲಿಲ್ಲ, ಗಲಾಟೆ ಜಾಸ್ತಿ ಇತ್ತು. ಕಣ್ಣಿಗೆ ನೆಟ್ಟಗೆ ಕಂಡಿತು. ನಮ್ಮ ಹುಡುಗಿ ಎಂದು ಮದ್ದು ಎರಡರಷ್ಟು ಹಾಕಿದೆ, ಬೆರಳ ತುದಿಯವರೆಗೂ ಮೆತ್ತಿದೆ, ಪಟ್ಟಿ ಬಿಗಿಯಾಗಿ ಸುತ್ತಿದೆ. ಓಡಾಡುವ ಮಗು, ಅಲುಗಿದರೆ ಮೂಳೆ ಸೊಟ್ಟಗಾದೀತು.

ಕಟ್ಟಿ ಮುಗಿಸುವಾಗ ಸ್ಪಂದನಾ ಹತ್ತಿರ ಬಂದು, "ಮಾವ, ಒಸಿ ಬಿಗಿ ಆಯ್ತೇನೋ" ಎಂದು ಕಟ್ಟಿನ ಕಡೆ ಕೈ ಚಾಚಿದಳು. ಬಂದವರ ಮುಂದೆ! "ನಿಮ್ಮತ್ತೆ ಚಾಳಿ ನಿನಗೂ ಬಂತಾ? ಒಳಗೆ ಹೋಗು" ಎಂದೆ. ಹೋದಳು.

ಬೆರಳ ತುದಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಹೋಗುವಾಗ ಅಲ್ಮಾಸ್ ಕಣ್ಣೀರಲ್ಲೇ, "ನೋಡಿ ತಾತ, ನನ್ನನ್ನೇ ಮಮ್ಮಿ ಮಾಡ್ಬುಟ್ರಿ" ಎಂದಳು.

ನವೆಂಬರ್ 17, ಭಾನುವಾರ

ಫಕ್ರುದ್ದೀನ್ ಮೂರು ಸಲ ಫೋನ್ ಮಾಡಿದ. ಮಗು ಉಸಿರು ಕಟ್ಟುವ ಹಾಗೆ ಅಳುತ್ತಿದೆ, ಬೆರಳು ಊದಿದೆ. ಮೊದಲ ಎರಡು ದಿನ ನೋವು ಇದ್ದೇ ಇರುತ್ತದೆ, ಮೂಳೆ ಜಾಗ ಹಿಡಿಯುವ ನೋವು ಅದು ಎಂದೆ.

ಹಾಗೆ ಹೇಳಿದ್ದು ಅಪ್ಪನ ಮಾತು, ನಿಜವಾದ ಮಾತು.

ನವೆಂಬರ್ 18, ಸೋಮವಾರ

ಮನಸ್ಸು ತಡೆಯದೆ ಬೆಳಗಿನ ಬಸ್ಸಿಗೇ ಹುಣಸೂರಿಗೆ ಹೋದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದರಲ್ಲೇ ಬಸ್ಸು ತಪ್ಪುವುದರಲ್ಲಿತ್ತು. ದರ್ಜಿ ಈ ಸಲ ಕಾಜಾಗಳನ್ನು ಚಿಕ್ಕದು ಮಾಡಿದ್ದಾನೆ.

ಮಗು ಮೂರು ದಿನಕ್ಕೆ ಅರ್ಧವಾಗಿದೆ. ನನ್ನ ಕಂಡಿದ್ದೇ, "ತಾತ, ಒಂಚೂರು ಬಿಚ್ಚಿ ತಾತ, ಒಂದೇ ಸುತ್ತು" ಎಂದು ಅತ್ತಿತು. ಸುಳ್ಳು ಬರೆಯುವುದಿಲ್ಲ, ಕೈ ಗಂಟಿನ ಹತ್ತಿರ ಹೋಗಿತ್ತು. ಆದರೆ ಮೂರನೇ ದಿನ ಸಡಿಲಿಸಿದರೆ ಮೂಳೆ ಜಾರಿ ಜೀವನಪೂರ್ತಿ ಸೊಟ್ಟ ಕೈ. ಬರೆಯುವ ಕೈ ಅದು. ಕರಿಯಪ್ಪನ ಹೆಂಡತಿಯ ಕುಡುಗೋಲೂ ನೆನಪಾಯಿತು. ಬಿಚ್ಚಲಿಲ್ಲ.

ಬೆರಳ ತುದಿ ಮುಟ್ಟಿದೆ. ಮದ್ದು ಹತ್ತಿ ಕಪ್ಪಾಗಿದ್ದವು. "ಬೆಚ್ಚಗೈತೆ" ಎಂದೆ.

ತೌಸಿಫ್ ಮಂಚದ ಆ ಕಡೆ ನಿಂತಿದ್ದ. "ನಂಗೆ ತಣ್ಣಗ್ ಅನ್ನಿಸ್ತು. ಬೆಳಿಗ್ಗೆಯಿಂದ ನಾಲ್ಕ್ ಸಲ ಮುಟ್ಟಿದೀನಿ" ಎಂದ.

"ಮರ ಮುಟ್ಟೋ ಕೈ ನಿಂದು. ಮೂಳೆ ವಿಷ್ಯ ನಿಂಗೇನ್ ಗೊತ್ತಪ್ಪಾ?"

"ನನ್ ಮಗಳ ಕೈ ಅದು. ನಾನ್ ಮೈಸೂರಿಗೆ ಕರ್ಕೊಂಡ್ ಹೋಗ್ತೀನಿ."

ಫಕ್ರುದ್ದೀನ್ ಎದ್ದು ಮೊಮ್ಮಗಳ ಬೆರಳು ಮುಟ್ಟಿದ. ಕೈ ತೆಗೆದು ಮತ್ತೊಮ್ಮೆ ಮುಟ್ಟಿದ. ಆಮೇಲೆ, "ಚಳಿಗಾಲ ಅಲ್ವಾ, ತುದಿ ತಣ್ಣಗಿರ್ತದೆ. ಮಂಚಯ್ಯ ಬೆಚ್ಚಗೈತೆ ಅಂದ್ರೆ ಬೆಚ್ಚಗೈತೆ" ಎಂದ. ತಾಜುನ್ನೀಸಾ ಅವರು, ಫಕ್ರುದ್ದೀನನ ಹೆಂಡತಿ, ಒಳಬಾಗಿಲಲ್ಲಿ ನಿಂತು ತಸ್ಬಿ ಮಣಿ ಎಣಿಸುತ್ತಿದ್ದರು. ಮಗುವಿನ ತಾಯಿ ಗೋಡೆ ಕಡೆ ಮುಖ ಮಾಡಿಕೊಂಡಿದ್ದಳು. ತೌಸಿಫ್ ಬಾಗಿಲು ದಢಾರನೆ ಎಳೆದುಕೊಂಡು ಹೋದ. ಈಗಿನವರಿಗೆ ಹಿರಿಯರೆಂದರೆ ಲೆಕ್ಕವಿಲ್ಲ.

ನವೆಂಬರ್ 20, ಬುಧವಾರ

ನೋವು ಹೋಯಿತು! ಫಕ್ರುದ್ದೀನ್ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ. ನಿನ್ನೆ ಮಧ್ಯಾಹ್ನದಿಂದ ಮಗು ಅಳುತ್ತಿಲ್ಲ, ಮಲಗಿದೆ, ಎದ್ದು ಒಂದು ಲೋಟ ಹಾಲು ಕುಡಿಯಿತು. ನೋವು ಸ್ವಲ್ಪವೂ ಇಲ್ಲವಂತೆ, ಅಷ್ಟೇ ಅಲ್ಲ, ಕೈಯಿದೆ ಎಂಬುದೇ ಗೊತ್ತಾಗುತ್ತಿಲ್ಲವಂತೆ. ಮೋಮಿಯಾಯಿ ಎರಡರಷ್ಟು ಹಾಕಿದ್ದು ಸಾರ್ಥಕವಾಯಿತು.

ಸುನಂದಳ ಫೋಟೋಗೆ ಒಂದು ಸೇವಂತಿಗೆ ಇಟ್ಟೆ. ನೋಡಿದೆಯಾ, ನೀನಿಲ್ಲದೆಯೂ ಕೈ ಕೆಟ್ಟಿಲ್ಲ ಎಂದೆ. ಸ್ಪಂದನಾ ಕೇಳಿಸಿಕೊಂಡಳೇನೋ, ಏನೋ ಹೇಳಲು ಬಾಗಿಲವರೆಗೆ ಬಂದು ಹಿಂದೆ ಸರಿದಳು.

ನವೆಂಬರ್ 21, ಗುರುವಾರ

ಇವತ್ತು ಒಳ್ಳೆಯ ದಿನ, ಅದಕ್ಕೇ ಉದ್ದ ಬರೆಯುತ್ತೇನೆ.

ಹುಣಸೂರಿಗೆ ಹೋದೆ. ಅಲ್ಮಾಸ್ ದಿಂಬಿಗೆ ಒರಗಿ ಕೂತಿದ್ದಳು. ಮುಖ ಬಿಳಿಚಿದೆ, ಮೈ ಸ್ವಲ್ಪ ಕಾದಿದೆ ಎಂದು ತಾಜುನ್ನೀಸಾ ಹೇಳಿದರು. ಬಾಯಿ ಮಾತ್ರ ವಾಪಸು ಬಂದಿದೆ. ವಸ್ತುಪ್ರದರ್ಶನಕ್ಕೆ ಬರೆಯಬೇಕು, ಬಲಗೈ ಕಟ್ಟಿನಲ್ಲಿದೆ. "ನೀವೇ ತಾನೆ ಕಟ್ಟಿದ್ದು, ನೀವೇ ಬರೀರಿ" ಎಂದು ಹಾಳೆ ಕೊಟ್ಟಳು. ಅವಳು ಹೇಳಿದಳು, ನಾನು ಬರೆದೆ. ಅರವತ್ತೆಂಟನೇ ವಯಸ್ಸಿನಲ್ಲಿ ಉಕ್ತಲೇಖನ.

ಎಷ್ಟೆಲ್ಲ ಓದಿಕೊಂಡಿದ್ದಾಳೆ, ಪುಸ್ತಕದಲ್ಲಿ ಮಮ್ಮಿಯೊಂದರ ಚಿತ್ರವನ್ನೂ ತೋರಿಸಿದಳು. ಸತ್ತವರ ಹೊಟ್ಟೆಯೊಳಗಿನದ್ದೆಲ್ಲ ತೆಗೆದು ಉಪ್ಪಿನಂಥ ಒಂದು ಪುಡಿಯಲ್ಲಿ ನಲವತ್ತು ದಿನ ಹೂತಿಡುತ್ತಿದ್ದರಂತೆ. ಎದೆಗುಂಡಿಗೆ ಮಾತ್ರ ಅಲ್ಲೇ ಬಿಡುತ್ತಿದ್ದರು, ಮೇಲಿನ ಲೋಕದಲ್ಲಿ ಅದನ್ನು ತೂಗುತ್ತಾರೆ ಎಂದು ನಂಬಿಕೆ. ಆಮೇಲೆ ಬಟ್ಟೆಯ ಪಟ್ಟಿ. ಮೊದಲು ಒಂದೊಂದೇ ಬೆರಳಿಗೆ ಬೇರೆ ಬೇರೆ ಸುತ್ತುತ್ತಿದ್ದರು, ಆಮೇಲೆ ಕೈ, ಆಮೇಲೆ ಮೈ. ಸುತ್ತುವವರಿಗೆ ಅದೇ ಕುಲಕಸುಬು, ಅಪ್ಪನಿಂದ ಮಗನಿಗೆ. ಇದನ್ನು ಬರೆಯುವಾಗ ನನಗೆ ಆ ಜನ ನಮ್ಮವರೇ ಅನ್ನಿಸಿತು.

ಇನ್ನೊಂದು ವಿಷಯ ಕೇಳಿ ಬೆರಗಾಯಿತು. ಮಮ್ಮಿ ಎಂಬ ಹೆಸರು ಆ ಹೆಣಗಳದ್ದೇ ಅಲ್ಲವಂತೆ. ಪಾರಸಿ ಸೀಮೆಯ ಬೆಟ್ಟದಲ್ಲಿ ಒಸರುವ ಒಂದು ಕರಿ ಮದ್ದಿನ ಹೆಸರು, ಮೂಮಿಯಾ. ಮೂಳೆ ಕೂಡಿಸಲು ಬಳಸುತ್ತಿದ್ದದ್ದು. ಈಜಿಪ್ಟಿನ ಹೆಣಗಳ ಮೇಲೂ ಅಂಥದೇ ಕಪ್ಪು ಅಂಟು ಕಂಡು ಜನ ಅದೇ ಹೆಸರು ಇಟ್ಟರು. ಮದ್ದಿಗೆ ಬೇಡಿಕೆ ಹೆಚ್ಚಿದಾಗ ಹೆಣಗಳನ್ನೇ ಕುಟ್ಟಿ ಪುಡಿ ಮಾಡಿ ಮಾರಿದರಂತೆ, ಯುರೋಪಿನ ದೊಡ್ಡವರೆಲ್ಲ ತಿಂದರಂತೆ.

"ಮೂಮಿಯಾ ಅಂದ್ರೆ ಯಾವ್ದು ಗೊತ್ತಾ ತಾತ? ನಮ್ ದಾದಾ ಅಂಗಡಿ ಮೋಮಿಯಾಯಿ. ನನ್ ಕೈಗೆ ನೀವ್ ಹಾಕಿರೋದು."

ಫಕ್ರುದ್ದೀನ್, "ತೌಬಾ ತೌಬಾ, ನಮ್ದು ಕಲ್ಲಿಂದ ಬರೋ ಮದ್ದು, ಹೆಣದ್ದಲ್ಲ, ಅದ್ನೂ ಬರ್ಸು" ಎಂದ. ಎಲ್ಲರೂ ನಕ್ಕೆವು. ತೌಸಿಫ್ ಮನೆಯಲ್ಲಿರಲಿಲ್ಲ.

ಎರಡು ಕಡೆ ಪೆನ್ನು ಹಾಳೆಯನ್ನು ಹರಿಯಿತು. "ತಾತ, ಮೆತ್ತಗೆ ಬರೀರಿ, ಹೊಲದ ಗೆಯ್ಮೆ ಮಾಡ್ತಿದೀರಾ?" ಎಂದಳು. ಉಳಿದದ್ದನ್ನು ಮನೆಯಲ್ಲಿ ನೀಟಾಗಿ ಬರೆದು ತರುತ್ತೇನೆ ಎಂದು ಹಾಳೆಗಳನ್ನು ತಂದಿದ್ದೇನೆ.

ಹೊರಡುವಾಗ ಬೆರಳು ಮುಟ್ಟಿ ನೋಡಿದೆ. ಮದ್ದು ಇನ್ನೂ ಕಪ್ಪಾಗಿ ಗಟ್ಟಿಯಾಗಿದೆ. ನಾನು ಅದುಮಿದ್ದು ಅವಳಿಗೆ ತಿಳಿಯಲೇ ಇಲ್ಲ, ಬೇರೆ ಕಡೆ ನೋಡುತ್ತಿದ್ದಳು. "ಇದು ನನ್ ಕೈ ಅಂತ್ಲೇ ಅನ್ಸಲ್ಲ ತಾತ. ಯಾರ್ದೋ ತಂದು ಪಕ್ಕದಲ್ಲಿ ಇಟ್ಟಂಗೈತೆ" ಎಂದಳು. ಮಮ್ಮಿಯದು ಇರಬೇಕು ಎಂದು ನಗಿಸಿದೆ. ದೇವರೇ, ಮಗು ನಕ್ಕಿತು.

ನವೆಂಬರ್ 23, ಶನಿವಾರ

ಅಲ್ಮಾಸ್‌ಗೆ ಜ್ವರ ಜಾಸ್ತಿಯಂತೆ. ಕಟ್ಟಿನಿಂದ ವಾಸನೆ ಬರುತ್ತಿದೆಯಂತೆ. ಮೊಟ್ಟೆ ಹಾಕಿದ ಮೇಲೆ ವಾಸನೆ ಬಾರದೆ ಇರುತ್ತದೆಯೇ ಎಂದೆ. ತೌಸಿಫ್ ಫೋನ್ ಕಿತ್ತುಕೊಂಡು, "ನಾಳೆ ಬೆಳಿಗ್ಗೆ ಒಂಬತ್ ಗಂಟೆಗೆ ನೀವ್ ಬರ್ಲಿಲ್ಲ ಅಂದ್ರೆ ನಾನೇ ಗರಗಸ ಹಾಕ್ತೀನಿ" ಎಂದ.

ನಾಳೆ ಒಂಬತ್ತನೇ ದಿನ. ಹೇಗೂ ಹೋಗುವವನೇ.

ನವೆಂಬರ್ 24, ಭಾನುವಾರ

ಬಿಚ್ಚಿದೆ.

ಕಪ್ಪು ಮದ್ದಿನದು ಎಂದುಕೊಂಡಿದ್ದೆ. ಬಿಸಿನೀರಲ್ಲಿ ಒರೆಸಿದೆ. ಮತ್ತೆ ಒರೆಸಿದೆ. ಹೋಗಲಿಲ್ಲ.

ಅವಳು ಪುಸ್ತಕದಲ್ಲಿ ತೋರಿಸಿದ ಚಿತ್ರದ ಕೈ ಹಾಗೇ ಇತ್ತು. ಒಣಗಿ, ಚರ್ಮ ಮೂಳೆಗೆ ಅಂಟಿ. ಮಗು ತನ್ನ ಕೈ ನೋಡಿತು, ನನ್ನ ಮುಖ ನೋಡಿತು. ಅಳಲಿಲ್ಲ. ತಾಜುನ್ನೀಸಾ ಕೂಗಿದ್ದು ಬೀದಿಗೆ ಕೇಳಿಸಿತು.

ತೌಸಿಫ್ ಮಗಳನ್ನು ಎತ್ತಿಕೊಂಡು ಓಡಿದ.

ನವೆಂಬರ್ 25, ಸೋಮವಾರ

ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. ಚೆಲುವರಾಜು ಹೋಗಿ ಬಂದ. ಕೈ ಉಳಿಯುವುದಿಲ್ಲ, ಜೀವ ಉಳಿಸುತ್ತೇವೆ ಎಂದರಂತೆ. ಬಿಗಿಯಿಂದ ರಕ್ತ ನಿಂತು ಎರಡು ಮೂರು ದಿನದಲ್ಲೇ ಸತ್ತಿದೆ, ನೋವು ನಿಂತದ್ದು ಅದಕ್ಕೇ ಎಂದರಂತೆ. ನೋವು ನಿಂತ ದಿನ ನಾನು ಹೂವಿಟ್ಟಿದ್ದೆ.

ನಾನು ಚೆಲುವರಾಜುವಿಗೆ ಹೇಳಿದೆ, ಬೆಚ್ಚಗಿತ್ತು, ಮೂರು ಸಲ ಮುಟ್ಟಿ ನೋಡಿದ್ದೇನೆ, ಮದ್ದಿನಲ್ಲೇ ಏನೋ ಕಲಬೆರಕೆ ಇರಬೇಕು ಎಂದು. ಆಗ ಸ್ಪಂದನಾ ಅಡುಗೆಮನೆಯಿಂದ ಹೊರಗೆ ಬಂದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಮೊದಲ ಸಲ ನನ್ನ ಎದುರು ನಿಂತಳು.

"ಮದ್ದಲ್ಲ ಮಾವ. ಅತ್ತೆ ಆಸ್ಪತ್ರೇಲಿ ನನ್ ಕೈ ಇಡ್ಕಂಡು ಹೇಳಿದ್ರು. ನಿಮ್ಮಾವನ ಬೆರಳಿಗೆ ಬಿಸಿ ತಣ್ಣಗೆ ತಿಳಿಯಾಕಿಲ್ಲ ಕಣವ್ವ, ಎರಡ್ ವರ್ಸ ಆಯ್ತು. ಅವ್ರು ಕಟ್ಟಿದ್ ಮ್ಯಾಲೆ ನೀನೊಂದ್ ಬೆರಳು ತೂರ್ಸಿ ನೋಡು, ಬಿಗಿ ಇದ್ರೆ ಸಡ್ಲ ಮಾಡು. ಅವ್ರಿಗ್ ಹೇಳ್ಬ್ಯಾಡ, ಎದೆ ಒಡ್ಕಂಡ್ಬುಡ್ತಾರೆ ಅಂದ್ರು." ಅಳುತ್ತಿದ್ದಳು. "ಅವತ್ತು ನೀವು ಒಳಗೋಗು ಅಂದ್ರಿ. ನಾನು ಒಳಕ್ಕೋದೆ. ಓಗ್ಬಾರ್ದಿತ್ತು."

ಸುಳ್ಳು ಎಂದೆ. ಸತ್ತವಳ ಮೇಲೆ ಹಾಕಿ ಹೇಳುತ್ತೀಯಾ ಎಂದು ಬೈದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಚೆಲುವರಾಜು ಅವಳ ಪರವಾಗಿಯೂ ನಿಲ್ಲಲಿಲ್ಲ, ನನ್ನ ಪರವಾಗಿಯೂ ನಿಲ್ಲಲಿಲ್ಲ, ಹೊಗೆಸೊಪ್ಪಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸುನಂದ ನನ್ನ ಬಗ್ಗೆ ಹಾಗೆ ಹೇಳುವವಳಲ್ಲ. ನನಗೆ 'ಬೆರಳು ಹೋಗ್ಬೇಕು ಕಣ್ರೀ' ಎಂದಷ್ಟೇ ಹೇಳುತ್ತಿದ್ದಳು. ನಗುತ್ತಾ ಹೇಳುತ್ತಿದ್ದಳು.

ನವೆಂಬರ್ 26, ಮಂಗಳವಾರ

ಮೊಣಕೈಯಿಂದ ಕೆಳಗೆ ತೆಗೆದರು.

ನವೆಂಬರ್ 28, ಗುರುವಾರ

ನಿನ್ನೆ ಸಂಜೆ ಫಕ್ರುದ್ದೀನ್ ಫೋನ್ ಮಾಡಿದ. ನಾಲ್ಕು ದಿನದಿಂದ ಮಾಡಿರಲಿಲ್ಲ. "ನಾಳೆ ಬೆಳಿಗ್ಗೆ ಖಬರಸ್ತಾನಿಗೆ ಬಾ. ಕೈ ಮಣ್ ಮಾಡ್ಬೇಕು" ಎಂದು ಇಟ್ಟುಬಿಟ್ಟ. ಅವರಲ್ಲಿ ಮನುಷ್ಯನ ಮೈಯಿಂದ ಬೇರೆಯಾದ ಅಂಗವನ್ನು ಎಸೆಯುವುದಿಲ್ಲ, ಬಟ್ಟೆ ಸುತ್ತಿ ಹೂಳುತ್ತಾರೆ.

ಚೆಲುವರಾಜು ಜೊತೆಗೆ ಬರುತ್ತೇನೆ ಎಂದ, ಬೇಡ ಎಂದೆ. ತೌಸಿಫ್ ಹೊಡೆದರೆ ಹೊಡೆಸಿಕೊಳ್ಳುವುದು ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಅಲ್ಮಾಸ್ ಹೇಳಿ ಬರೆಸಿದ ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಯಾಕೆ ಎಂದು ಗೊತ್ತಿಲ್ಲ. ನೀಟಾಗಿ ಬರೆದು ತರುತ್ತೇನೆ ಎಂದಿದ್ದೆನಲ್ಲ.

ಮೂರೇ ಜನ. ಫಕ್ರುದ್ದೀನ್, ತೌಸಿಫ್, ಗುಂಡಿ ತೆಗೆದವನು. ಫಕ್ರುದ್ದೀನನ ಅಪ್ಪನ ಗೋರಿಯ ಪಕ್ಕದಲ್ಲಿ ಮೊಳದುದ್ದದ ಗುಂಡಿ. ಆಸ್ಪತ್ರೆಯಿಂದ ಐಸಿನ ಪೆಟ್ಟಿಗೆಯಲ್ಲಿ ತಂದಿದ್ದರು. ತೌಸಿಫ್ ಅದರೊಳಗಿಂದ ಬಿಳಿ ಬಟ್ಟೆಯ ಗಂಟನ್ನು ತೆಗೆದು ಅಪ್ಪನ ಕೈಗೆ ಕೊಟ್ಟು, ತನ್ನ ಕೈಗಳನ್ನು ಒಂದಕ್ಕೊಂದು ಉಜ್ಜಿ ಕಂಕುಳಲ್ಲಿ ಇಟ್ಟುಕೊಂಡ. ನನ್ನ ಕಡೆ ನೋಡಲಿಲ್ಲ, ಹೊಡೆಯಲೂ ಇಲ್ಲ. ಬಟ್ಟೆ ಸುತ್ತಿದ್ದು ತಾಜುನ್ನೀಸಾ ಇರಬೇಕು. ಸಡಿಲವಾಗಿ, ಕೂಸಿಗೆ ಸುತ್ತುವಂತೆ ಸುತ್ತಿದ್ದರು.

"ಅಲ್ಮಾಸ್ ಹೇಗವಳೆ?" ಎಂದು ಕೇಳಿದೆ.

"ಎಡಗೈಲಿ ಹೆಸ್ರು ಬರ್ಯೋದು ಕಲೀತಾವ್ಳೆ. ತಾತ ಬರೆದಿದ್ ಹಾಳೆ ಎಲ್ಲಿ ಅಂತ ಕೇಳ್ತಾವ್ಳೆ." ಫಕ್ರುದ್ದೀನ್ ಹಾಗೆಂದು ಗುಂಡಿಯ ಅಂಚಿನಲ್ಲಿ ಗಂಟು ಹಿಡಿದು ನಿಂತ. "ಅವತ್ ನಮ್ಮನೇಲಿ ನೀನು ಮುಟ್ಟಿ ಬೆಚ್ಚಗೈತೆ ಅಂದೆ. ನನ್ ಮಗ ತಣ್ಣಗೈತೆ ಅಂದ. ನಂಗೂ ತಣ್ಣಗೇ ತಿಳೀತು ಮಂಚಯ್ಯ. ನಾನ್ ನನ್ ಕೈನೂ ನಂಬ್ಲಿಲ್ಲ, ನನ್ ಮಗನ್ನೂ ನಂಬ್ಲಿಲ್ಲ. ನಿನ್ನ ನಂಬ್ದೆ." ಗಂಟನ್ನು ನನ್ನ ಕಡೆ ಚಾಚಿದ. "ತಗೋ. ಈಗ ಮುಟ್ಟಿ ಹೇಳು."

ಎರಡೂ ಕೈ ಒಡ್ಡಿದೆ. ಇಟ್ಟ. ಬಟ್ಟೆಯಿಂದ ಐಸಿನ ನೀರು ನನ್ನ ಬೆರಳ ಸಂದಿಯಲ್ಲಿ ಇಳಿದು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಕಾದೆ. ಸುನಂದ ಎರಡು ವರ್ಷ ನನ್ನ ಹಿಂದೆ ಹಿಂದೆ ಬಂದು ಕಟ್ಟು ಸಡಿಲಿಸಿದ್ದು ನೆನಪಾಯಿತು. ಇನ್ನೂ ಕಾದೆ. ಮಗುವಿನ ಕೈಯ ಭಾರ ಇತ್ತು, ಅಷ್ಟೇ.

"ಗೊತ್ತಾಗ್ತಿಲ್ಲ ಫಕ್ರು" ಎಂದೆ.

ಅವನು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಗುಂಡಿಗೆ ಇಳಿಸಿದ.